ಪ್ರೊಸೆಸರಿನ ಹಣೆಗೆ ಮೂರು ಬೆರಳು

ಹೊಸದನ್ನು ಕಲಿಯಲು ವಯಸ್ಸು ಅಡ್ಡಿಯಲ್ಲ ಎಂದು ಟಿವಿಯಲ್ಲಿ ಹೇಳುವವರೆಲ್ಲ ನಲವತ್ತರ ಒಳಗಿನವರೇ. ನನ್ನನ್ನು ಕೇಳಿದರೆ, ತಲೆಗೆ ಏನನ್ನಾದರೂ ಕಲಿಸಬಹುದು, ಕೈಗೆ ಕಲಿಸುವುದು ಕಷ್ಟ. ಅರವತ್ತು ವರ್ಷ ಒಂದೇ ಕೆಲಸ ಮಾಡಿಕೊಂಡು ಬಂದ ಕೈ ಯಾರನ್ನೂ ಕೇಳುವುದಿಲ್ಲ. ಇದು ನನಗೆ ಗೊತ್ತಾದದ್ದು ಕಳೆದ ಭಾನುವಾರ, ಹರಿಹರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಕಂಪ್ಯೂಟರ್ ಜೋಡಿಸುವಾಗ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕಂಪ್ಯೂಟರ್ ಜೋಡಿಸಬೇಕಾಗಿದ್ದವಳು ನಾನಲ್ಲ, ಮೊಮ್ಮಗಳು ಸಹನಾ. ಆ ಹೆಸರು ಇಟ್ಟವರು ಸ್ವಲ್ಪ ಕಾದು ನೋಡಬೇಕಿತ್ತು. ದಾವಣಗೆರೆಯಲ್ಲಿ ಡಿಪ್ಲೊಮಾ ಓದುತ್ತಾಳೆ. ಸೋಮವಾರ ಬಿಡಿಭಾಗಗಳಿಂದ ಜೋಡಿಸಿದ ಕಂಪ್ಯೂಟರನ್ನು ಕಾಲೇಜಿಗೆ ಒಯ್ದು ನಡೆಸಿ ತೋರಿಸಬೇಕಿತ್ತು. ನಡೆಯದಿದ್ದರೆ ಆ ವಿಷಯದಲ್ಲಿ ಫೇಲು. ಹೀಗಿರುವಾಗ ಶುಕ್ರವಾರ ಸ್ಕೂಟಿಯಿಂದ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ತಲೆ ನಿನ್ನದಾಗಿದ್ದರೆ ಸಾಕು, ಕೈ ಯಾರದಾದರೂ ಪರವಾಗಿಲ್ಲ ಎಂದರಂತೆ ಅವರ ಮೇಡಂ. ಅವಳ ಅಮ್ಮ ತವರಿಗೆಂದು ಆನಗೋಡಿಗೆ ಹೋಗಿದ್ದಳು. ಅಪ್ಪನ ಕೈ, ಅಂದರೆ ನನ್ನ ಮಗನದು, ರಿಮೋಟು ಹಿಡಿದಿತ್ತು. ಉಳಿದವು ನನ್ನವು.

"ಅಜ್ಜಿ, ಮೊದ್ಲು ಈ ಕಬ್ಬಿಣದ ಡಬ್ಬಿ ಮುಟ್ಟು. ಮೈಯಾಗಿನ ಕರೆಂಟು ಇಳೀಬೇಕು."

"ನನ್ ಮೈಯಾಗ ಕರೆಂಟ್ ಇದ್ದಿದ್ರೆ, ಕರೆಂಟು ಹೋದಾಗ ನಿಮ್ಮವ್ವ ನನ್ನೇ ಮಿಕ್ಸಿಗೆ ಹಚ್ತಿದ್ಲು."

"ಮುಟ್ಟು ಅಂದ್ರೆ ಮುಟ್ಟಜ್ಜಿ!"

ಮುಟ್ಟಿದೆ. ರ‍್ಯಾಮ್ ಎಂಬ ಹಸಿರು ಪಟ್ಟಿಯನ್ನು ಟಕ್ ಅನ್ನುವವರೆಗೂ ಒತ್ತು ಎಂದಳು, ಒತ್ತಿದೆ. ರೊಟ್ಟಿ ತಟ್ಟಿದ ಕೈ, ಟಕ್ ಅನ್ನದೆ ಎಲ್ಲಿಗೆ ಹೋದೀತು? ಬಿಸ್ಕತ್ತಿನಷ್ಟಗಲದ ಪ್ರೊಸೆಸರನ್ನೂ ಮೂಲೆಯ ಗುರುತು ನೋಡಿ ಕೂರಿಸಿದೆ. ಅದೇ ಕಂಪ್ಯೂಟರಿನ ಮಿದುಳಂತೆ. ಅದರ ನೆತ್ತಿಗೆ ಹಚ್ಚಲು ಸಣ್ಣ ಟ್ಯೂಬಿನಲ್ಲಿದ್ದ ಒಂದು ಪೇಸ್ಟು ಕೊಟ್ಟಳು.

"ಬಟಾಣಿ ಕಾಳಿನಷ್ಟು ಸಾಕು. ಇದು ಬಿಸಿ ಎಳ್ಕೊಂಡು ಮ್ಯಾಲಿನ ಫ್ಯಾನಿಗೆ ಕೊಡ್ತೈತೆ. ಪೇಸ್ಟು ಸರಿ ಇಲ್ಲ ಅಂದ್ರೆ ಬಿಸಿಯಾಗಿ ಬಂದ್ ಬೀಳ್ತೈತೆ, ತಿಳೀತಾ?" ಎನ್ನುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು, ಆಚೆ ತಿರುಗಿದಳು.

ಬಟಾಣಿ ಅಂದದ್ದು ನನಗೆ ಚೆನ್ನಾಗಿ ನೆನಪಿತ್ತು. ಎಷ್ಟು ಬರುತ್ತದೋ ನೋಡೋಣವೆಂದು ಎಡ ಅಂಗೈಗೆ ಒತ್ತಿದೆ. ಪೂರ್ತಿ ಬಂತು. ಬೂದಿ ಬಣ್ಣ, ನುಣ್ಣಗೆ, ಒದ್ದೆ. ಇನ್ನು ಮುಂದಿನದು ನಾನು ಮಾಡಿದ್ದಲ್ಲ, ಕೈ ಮಾಡಿದ್ದು. ದಿನಾ ಬೆಳಿಗ್ಗೆ ಅಂಗೈಯಲ್ಲಿ ವಿಭೂತಿ ಕಲಸುವ ಕೈ ಅದು. ಮೂರು ಬೆರಳು ಅದ್ದಿ, ಪ್ರೊಸೆಸರಿಗೆ ಎಡದಿಂದ ಬಲಕ್ಕೆ ಮೂರು ಗೆರೆ ಎಳೆಯಿತು.

"ಅಜ್ಜೀ! ಏನ್ ಮಾಡ್ದಿ ಇದು?"

"ಯಾಕ, ಚಂದ ಬಂದೈತಲ್ಲ."

"ಟ್ಯೂಬೇ ಖಾಲಿ! ಒರೆಸಿ ಹಚ್ಚೋಣ ಅಂದ್ರೆ ಎಲ್ಲಿಂದ ತರ‍್ಲಿ? ಇವತ್ತು ದಾವಣಗೆರ‍್ಯಾಗೆ ಕಂಪ್ಯೂಟರ್ ಅಂಗಡಿ ಬಂದ್!" ಅವಳ ಕಣ್ಣು ತುಂಬಿತು.

"ಅಳೋದಾದ್ರೆ ಆ ಕಡೆ ತಿರುಗಿ ಅಳು. ಬೋರ್ಡಿನ ಮ್ಯಾಲೆ ನೀರು ಬಿದ್ದಾವು."

ಅಳು ನಿಂತಿತು, ಸಿಟ್ಟು ಬಂತು. ಸಿಟ್ಟಿನಲ್ಲಿ ಬಗ್ಗಿ ನೋಡಿದಳು. ಗೆರೆಗಳು ಮೇಲ್ಭಾಗ ಬಿಟ್ಟು ಆಚೀಚೆ ಹೋಗಿರಲಿಲ್ಲ. ಹೋಗುವುದೆಲ್ಲಿಗೆ, ನನ್ನ ಗೆರೆ ಯಾವತ್ತೂ ಹುಬ್ಬಿಗೆ ಇಳಿದಿಲ್ಲ. ಬೇರೆ ದಾರಿಯಿಲ್ಲದೆ ಅದರ ಮೇಲೇ ಫ್ಯಾನ್ ಇಟ್ಟು, ನಾಲ್ಕೂ ಸ್ಕ್ರೂ ಬಿಗಿಸಿ, ಗುಂಡಿ ಒತ್ತಿದೆವು. ಫ್ಯಾನು ತಿರುಗಿತು, ಪರದೆ ಬೆಳಗಿತು. ಅರ್ಧ ಗಂಟೆ ಅವಳು ಪರದೆಯ ಮೂಲೆಯಲ್ಲಿದ್ದ ಬಿಸಿಯ ಅಂಕಿಯನ್ನೇ ನೋಡುತ್ತ ಕೂತಳು, ಉಕ್ಕುವ ಹಾಲಿನ ಮುಂದೆ ಕೂತ ಹಾಗೆ. ಅಂಕಿ ಏರಲಿಲ್ಲ.

"ಅಜ್ಜಿ, ತಣ್ಣಗೈತೆ!"

ಮರುದಿನ ಅವಳು ಪಾಸಾದಳು, ಆ ಮಾತು ಬಿಡಿ. ಅದಕ್ಕಿಂತ ಮುಂಚೆ, ಆ ಭಾನುವಾರ ಸಂಜೆಯೇ, ಚಹಾ ಕೇಳಲು ಒಳಗೆ ಬಂದ ಮಗ ನನ್ನ ಮುಖ ನೋಡಿ ನಿಂತುಬಿಟ್ಟ. "ಏನವ್ವಾ, ಸಂಜಿಗೂ ಪೂಜೆ ಆತೇನು?" ಕನ್ನಡಿ ನೋಡಿದೆ. ಅಂಗೈಯಲ್ಲಿ, ಬೆರಳಲ್ಲಿ ಉಳಿದ ವಿಭೂತಿಯನ್ನು ನಮ್ಮಲ್ಲಿ ಒರೆಸಿ ಬಿಸಾಡುವ ಹಾಗಿಲ್ಲ, ಹಣೆಗೆ ಹಚ್ಚಿಕೊಳ್ಳಬೇಕು. ಕೈ ಅದನ್ನೂ ಮರೆತಿರಲಿಲ್ಲ. ಸಹನಾ ಮಧ್ಯಾಹ್ನದಿಂದ ನೋಡಿಯೂ ಬಾಯಿ ಬಿಟ್ಟಿರಲಿಲ್ಲ. ಮಗ ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಇರ‍್ಲಿ ಬಿಡವ್ವಾ, ತೊಳೀಬ್ಯಾಡ. ನಿನ್ ಬಿಸಿ ತಲಿಗೆ ಇದು ಬೇಕಾಗಿತ್ತು."

ಮೂರು ಸಲ ಸೋಪು ಹಚ್ಚಿದರೂ ಅದು ಪೂರ್ತಿ ಹೋಗಲಿಲ್ಲ. ಪೇಸ್ಟು ಬಿಸಿಯನ್ನು ಎಳೆದುಕೊಂಡು ಫ್ಯಾನಿಗೆ ಕೊಡುತ್ತದೆ ಎಂದಿದ್ದಳಲ್ಲ, ಎಳೆದುಕೊಂಡದ್ದು ನಿಜ. ಆದರೆ ನನ್ನ ತಲೆಯ ಮೇಲೆ ಯಾರೂ ಫ್ಯಾನ್ ಕೂರಿಸಿರಲಿಲ್ಲ. ಹಾಗಾಗಿ ಎಳೆದ ಬಿಸಿಯನ್ನೆಲ್ಲ ಹತ್ತಿರ ಸಿಕ್ಕ ಮಗನಿಗೇ ಕೊಟ್ಟೆ.