ಹೈಡ್ರೋಜನ್ ಮಹಾಶಯರಿಗೆ, ನಾಗರಬಾವಿಯ ರೊಟ್ಟಿ ಒಲೆಯಿಂದ

ಮಾನ್ಯರೇ,

ಮೂಲಧಾತುಗಳ ಪಟ್ಟಿಯಲ್ಲಿ ಮೊದಲ ಸ್ಥಾನವನ್ನು ಅಲಂಕರಿಸಿರುವ, ಬಣ್ಣವೇ ಇಲ್ಲದಿದ್ದರೂ ‘ಹಸಿರು’ ಎಂಬ ಬಿರುದು ಗಳಿಸಿರುವ, ಬರುವ ಮೊದಲೇ ಊರೂರಲ್ಲಿ ಸನ್ಮಾನ ಮಾಡಿಸಿಕೊಳ್ಳುತ್ತಿರುವ ತಮಗೆ, ನಾಗರಬಾವಿಯಲ್ಲಿ ಜೋಳದ ರೊಟ್ಟಿಯ ಖಾನಾವಳಿ ನಡೆಸುವ ಜಗದಾಂಬಾ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಪೇಪರಿನವರು ದಿನಾ ಬರೆಯುತ್ತಿದ್ದಾರೆ. ಇಲ್ಲಿ ನಾವು ಅಷ್ಟು ಕ್ಷೇಮವಾಗಿಲ್ಲ, ಅದನ್ನು ತಿಳಿಸಲೆಂದೇ ಈ ಪತ್ರ.

ನಮ್ಮ ಯಜಮಾನರಾದ ರೇವಣಸಿದ್ದಪ್ಪನವರು ತಮ್ಮ ಪರಮ ಭಕ್ತರು. ಮೊಬೈಲಿನಲ್ಲಿ ತಮ್ಮ ಕುರಿತ ವಿಡಿಯೋಗಳನ್ನು ನೋಡಿ ನೋಡಿ, ತೈಲದ ಕಾಲ ಮುಗಿಯಿತು, ಇನ್ನು ಬಿಸಿಲು, ಗಾಳಿ ಮತ್ತು ತಾವು ಸೇರಿ ಪ್ರಪಂಚ ನಡೆಸುತ್ತೀರಿ ಎಂದು ತೀರ್ಮಾನಿಸಿ, ಖಾನಾವಳಿಯ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಅಡುಗೆ ಗ್ಯಾಸೂ ತೈಲದ ಮನೆಯ ಕೂಸೇ ಎಂದು ಹೇಳಿ, ನಾನು ದಾವಣಗೆರೆಗೆ ಮದುವೆಗೆ ಹೋಗಿದ್ದ ಸಮಯ ನೋಡಿ, ನನ್ನ ಗ್ಯಾಸ್ ಒಲೆಯನ್ನೂ ಸಿಲಿಂಡರನ್ನೂ ಕೆಂಗೇರಿಯ ನಾದಿನಿಯ ಮನೆಗೆ ಸಾಗಿಸಿ, ಕರೆಂಟಿನ ಇಂಡಕ್ಷನ್ ಒಲೆ ತಂದಿಟ್ಟರು. ಕೇಳಿದರೆ, “ಸ್ವಲ್ಪ ದಿನಕ್ಕಷ್ಟೇ ಕಣೇ, ಆಮೇಲೆ ಹೈಡ್ರೋಜನ್ನೇ ಬರುತ್ತಲ್ಲ” ಎಂದರು.

ತಮಗೆ ಊಟ ಮಾಡುವ ಅಭ್ಯಾಸವಿಲ್ಲದ ಕಾರಣ ವಿವರಿಸಬೇಕಾಗಿದೆ. ಜೋಳದ ರೊಟ್ಟಿಯನ್ನು ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಮಗುಚಿ, ಕೊನೆಗೆ ನೇರವಾಗಿ ಬೆಂಕಿಗೆ ಒಡ್ಡಬೇಕು. ಆಗ ಅದು ಉಬ್ಬುತ್ತದೆ. ಇಂಡಕ್ಷನ್ ಒಲೆಯಲ್ಲಿ ಗುಂಡಿಗಳಿವೆ, ದೀಪವಿದೆ, ಕುಂಯ್ ಎಂಬ ಸದ್ದೂ ಇದೆ, ಬೆಂಕಿಯೊಂದಿಲ್ಲ. ಕಾನೂನು ಓದುವ ಯಶ್ವಂತ್ ಎಂಬ ಹುಡುಗ ತಟ್ಟೆ ನೋಡಿ, “ಆಂಟಿ, ರೊಟ್ಟಿ ಕೇಳಿದ್ರೆ ಫೈಲ್ ಕವರ್ ಕೊಟ್ಟಿದೀರಲ್ಲ!” ಎಂದ. ಮರುದಿನದಿಂದ ಅವನೂ ಅವನ ರೂಮಿನವರೂ ಎದುರುಗಡೆಯ ಪರೋಟ ಅಂಗಡಿಯ ಪಾಲಾದರು. ಒಬ್ಬೊಬ್ಬರಾಗಿ ಉಳಿದವರೂ ರಸ್ತೆ ದಾಟುತ್ತಿದ್ದಾರೆ. ಇಷ್ಟು ವರ್ಷ ಈ ಕೈಯ ರೊಟ್ಟಿಗೆಂದೇ ಜನ ಬರುತ್ತಿದ್ದರು. ಖಾಲಿ ಬೆಂಚು ನೋಡಿದರೆ ನನಗೆ ಅಳು ಬರುತ್ತದೆ. ಹೀಗೇ ಆದರೆ ಖಾನಾವಳಿಯ ಬಾಗಿಲು ಹಾಕುವುದೊಂದೇ ಬಾಕಿ.

ಸೂರ್ಯನ ಮೇಲೆ ನನಗೆ ದೂರಿಲ್ಲ. ದೀಪ, ಮಿಕ್ಸಿ, ನೀರೆತ್ತುವ ಮೋಟಾರು ಎಲ್ಲವನ್ನೂ ಆತ ಚೊಕ್ಕವಾಗಿ ನಡೆಸಿಕೊಂಡು ಹೋಗುತ್ತಿದ್ದ, ಆಯುಧಪೂಜೆ ಬರುವವರೆಗೆ. ಸ್ಕ್ರೂಡ್ರೈವರಿಗೂ ಪೂಜೆ ತಪ್ಪದ ನಮ್ಮ ಮನೆಯಲ್ಲಿ ಮಾಳಿಗೆಯ ಮೇಲಿನ ಹೊಸ ಯಂತ್ರಕ್ಕೆ ತಪ್ಪಿಸಲಾದೀತೇ? ಯಜಮಾನರು ಸ್ನಾನ ಮುಗಿಸಿ ಮೇಲೆ ಹತ್ತಿ, ಒಂದೊಂದು ಪ್ಯಾನೆಲ್ಲಿಗೂ ಅಂಚಿನಿಂದ ಅಂಚಿಗೆ ಮೂರು ಬೆರಳಿನ ವಿಭೂತಿ ಪಟ್ಟೆ ಎಳೆದು, ನಡುವೆ ಅಂಗೈಯಗಲ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ ಕೈಮುಗಿದರು. ಕರೆಂಟು ಅಂದೇ ಸೊರಗಿತು. ಪ್ಯಾನೆಲ್ ಕೂರಿಸಿದ್ದ ಸುಘೋಷ್ ಬಂದು ನೋಡಿ, “ಸಾರ್, ಒಂದು ಮೂಲೆ ಮುಚ್ಚಿದ್ರೂ ಇಡೀ ಸಾಲಿಗೇ ಹೊಡೆತ ಸಾರ್, ಒರೆಸಿಬಿಡಿ” ಎಂದರೆ, ಹಚ್ಚಿದ ವಿಭೂತಿಯನ್ನು ಒರೆಸಲು ಕೈ ಬರುವುದಿಲ್ಲ, ಮಳೆಯೇ ತೊಳೆಯಲಿ ಎಂದು ಯಜಮಾನರು ಹಟ ಹಿಡಿದರು. ಮಳೆ ಬಂತು, ಅದೂ ತುಂತುರು. ವಿಭೂತಿ ಕುಂಕುಮ ಎರಡೂ ಕಲಸಿಕೊಂಡು ಗಾರೆಯಂತೆ ಮೆತ್ತಿಕೊಂಡವು. ಬೀದಿಯ ಕರೆಂಟೂ ಕೈಕೊಟ್ಟ ಮಧ್ಯಾಹ್ನ, ಬಂದಿದ್ದ ನಾಲ್ಕು ಜನಕ್ಕೆ ನಾನು ಮಜ್ಜಿಗೆ ಕೊಟ್ಟು ಕಳುಹಿಸಿದೆ.

ಇಷ್ಟಾದರೂ ಅವರು ತಮ್ಮ ಹಾದಿ ಕಾಯುವುದನ್ನು ಬಿಟ್ಟಿಲ್ಲವಾದ್ದರಿಂದ ನಾನೂ ತಮ್ಮ ಬಗ್ಗೆ ನಾಲ್ಕು ಕಡೆ ವಿಚಾರಿಸಿದೆ. ತಮ್ಮನ್ನು ಕರೆಂಟು ಹಾಯಿಸಿ ನೀರಿನಿಂದ ಬೇರ್ಪಡಿಸಬೇಕಂತೆ. ಬೇರ್ಪಡಿಸುವಾಗ ಒಂದಿಷ್ಟು, ಒತ್ತಿ ತುಂಬುವಾಗ ಒಂದಿಷ್ಟು, ಸಾಗಿಸುವಾಗ ಇನ್ನೊಂದಿಷ್ಟು ಎಂದು ಆ ಕರೆಂಟಿನ ಬಹುಪಾಲು ದಾರಿಯಲ್ಲೇ ಖರ್ಚಂತೆ. ಉಕ್ಕಿನ ಕುಲುಮೆಗೆ, ದೊಡ್ಡ ಹಡಗಿಗೆ ತಾವು ಬೇಕೆಂದರೆ ಒಪ್ಪುತ್ತೇನೆ. ಆದರೆ ಬೇಸಿಗೆಯಲ್ಲಿ ನಮ್ಮ ಬಡಾವಣೆಗೆ ನೀರು ಬರುವುದೇ ಡೀಸೆಲ್ ಟ್ಯಾಂಕರಿನಲ್ಲಿ. ಡೀಸೆಲ್ ಸುಟ್ಟು ನೀರು ತರಿಸಿ, ಆ ನೀರನ್ನು ಒಡೆದು ತಮ್ಮನ್ನು ಹೊರತೆಗೆದು, ತಮ್ಮ ಕೈಯಲ್ಲಿ ಅದೇ ಡೀಸೆಲ್ಲನ್ನು ಊರು ಬಿಡಿಸುವ ಈ ಜಾಣತನಕ್ಕೆ ತಲೆಬಾಗುತ್ತೇನೆ.

ಆದುದರಿಂದ ಕೆಲವು ಸಣ್ಣ ಪ್ರಾರ್ಥನೆಗಳಿವೆ. ಬರುವಾಗ ತಮಗೆ ಬೇಕಾದ ನೀರನ್ನು ತಾವೇ ತನ್ನಿ. ತಮ್ಮ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲವಂತೆ; ನನ್ನ ಬೆರಳುಗಳ ಮೇಲೆ ದಯವಿಟ್ಟು, ತುಸು ನೀಲಿಯಾಗಿ ಉರಿಯಿರಿ. ಸಂದಿ ಸಿಕ್ಕಲ್ಲಿ ನುಸುಳಿಹೋಗುವ ಚಾಳಿಯೂ ಇದೆಯಂತೆ. ಅಡುಗೆಮನೆಗೆ ಬಂದ ಮೇಲೆ ಕೂತಲ್ಲೇ ಕೂತಿರಿ. ಇದಾವುದೂ ಆಗದಿದ್ದರೆ ಯಜಮಾನರ ಕನಸಿನಲ್ಲಾದರೂ ಕಾಣಿಸಿಕೊಂಡು, ‘ನಾನು ಬರುವುದು ಇನ್ನೂ ತಡವಾಗುತ್ತದೆ, ನಿನ್ನ ಹೆಂಡತಿಯ ಒಲೆ ವಾಪಸು ತಂದುಕೊಡು’ ಎಂದು ಅಪ್ಪಣೆ ಮಾಡಿ. ತಮ್ಮ ಮಾತನ್ನು ಅವರು ಮೀರುವುದಿಲ್ಲ. ನನ್ನ ಮಾತು ಕಿವಿಗೆ ಬೀಳುವುದು ನಿಂತು ಬಹಳ ಕಾಲವಾಯಿತು.

ತೈಲ ತೊಲಗಲಿ ಎಂಬುದು ನನ್ನ ಆಸೆಯೂ ಹೌದು. ರಿಂಗ್ ರೋಡಿನ ಹೊಗೆ ಕುಡಿದು ಕೆಮ್ಮುವವಳು ನಾನೂ. ಆದರೆ ಹೊಸಬರು ಕೆಲಸ ಕಲಿಯುವ ಮೊದಲೇ ಹಳಬರನ್ನು ಹೊರಗೆ ಹಾಕಿದರೆ, ಹಸಿದು ಕೂತವರಿಗೆ ಬಡಿಸುವವರು ಯಾರು? ಸನ್ಮಾನಗಳ ನಡುವೆ ಬಿಡುವಾದಾಗ ಇದಕ್ಕೊಂದು ಉತ್ತರ ಬರೆಯಬೇಕಾಗಿ ವಿನಂತಿ.

ಕಾದು ಕಾದು ಸಾಕಾಗಿದ್ದರೂ ಇನ್ನೂ
ತಮ್ಮ ವಿಶ್ವಾಸಿ,
ಜಗದಾಂಬಾ

ತಾ.ಕ.: ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ ಒಂದು ಬೆಳವಣಿಗೆಯಾಗಿದೆ. ಇಂದು ಮಧ್ಯಾಹ್ನ ಯಜಮಾನರು ಎದುರುಗಡೆಯ ಪರೋಟ ಅಂಗಡಿಯಲ್ಲಿ, ಗೋಡೆಗೆ ಮುಖ ಮಾಡಿಕೊಂಡು ಊಟ ಮಾಡುತ್ತಿದ್ದುದನ್ನು ಕಣ್ಣಾರೆ ಕಂಡೆ. ಅವರು ಕೈ ತೊಳೆಯಲು ಎದ್ದು ತಿರುಗಿದಾಗ ಎದುರಿಗೆ ಬಾಗಿಲಲ್ಲಿ ನಾನಿದ್ದೆ. ಸಂಜೆ ಅವರು ಯಾರೂ ಹೇಳದೆಯೇ ಮನೆಯ ಕರೆಂಟಿನ ಸ್ಕೂಟರ್ ಹತ್ತಿ ಕೆಂಗೇರಿಗೆ ಹೋಗಿ, ಕಾಲಿಡುವ ಜಾಗದಲ್ಲಿ ಸಿಲಿಂಡರು, ಹಿಂದಿನ ಸೀಟಿಗೆ ಒಲೆ ಕಟ್ಟಿಕೊಂಡು ಬಂದರು. ಆ ಸ್ಕೂಟರಿಗೆ ಚಾರ್ಜು, ವಿಭೂತಿಯ ಸಂದಿಯಲ್ಲಿ ನುಸುಳಿ ಬಂದ ನಮ್ಮ ಮಾಳಿಗೆಯ ಬಿಸಿಲಿನದೇ. ಹೀಗೆ ನನ್ನ ಗ್ಯಾಸ್ ಒಂದು ಹನಿ ಪೆಟ್ರೋಲನ್ನೂ ಸುಡದೆ, ಅಪ್ಪಟ ಸೂರ್ಯಶಕ್ತಿಯಿಂದ ಮನೆಗೆ ವಾಪಸಾಗಿದೆ. ಈ ಸಾಧನೆಯ ವಿಡಿಯೋ ಮಾಡುವವರು ತಮ್ಮ ಕಡೆ ಯಾರಾದರೂ ಇದ್ದರೆ ಊಟದ ಹೊತ್ತಿಗೆ ಕಳುಹಿಸಿಕೊಡಿ.