ಹೊಸದಾಗಿಯೇ ಇರತಕ್ಕ ಅಡುಗೆಮನೆ

ತೊಣ್ಣೂರು ರಸ್ತೆಯ ಬಹೂಪಯೋಗಿ ಭವನದ ಅಡುಗೆಮನೆಯಲ್ಲಿ ಅಡುಗೆ ಮಾಡಬಾರದೆಂದು ಯಾವ ಕಾಲದಲ್ಲಿಯೂ ಯಾರೂ ಆದೇಶ ಹೊರಡಿಸಿರಲಿಲ್ಲ. ಅಲ್ಲಿ ಯಾರೂ ಅಡುಗೆ ಮಾಡಿರಲಿಲ್ಲ, ಅಷ್ಟೆ. ಉದ್ಘಾಟನೆಯ ದಿನವೇ ಗಣ್ಯರಿಗೆ ಊಟ ಎದುರಿನ ಹೋಟೆಲಿನಿಂದ ಬಂದಿತ್ತು. ಅಲ್ಲಿಂದಾಚೆಗೆ ಒಲೆಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆಯದೆ ಆ ಅಡುಗೆಮನೆಯನ್ನು ಭವನದ ಸಮಿತಿಯವರು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬಂದಿದ್ದರು.

ಪುಟ್ಟಗೌರಮ್ಮನವರು ಈ ಅಡುಗೆಮನೆಗೆ ಬಂದದ್ದು ಸುತ್ತಮುತ್ತಲಿನ ತಾಲ್ಲೂಕುಗಳನ್ನೆಲ್ಲ ಸುತ್ತಿ ಸೋತ ಮೇಲೆ. ಅವರು ಹಾಸ್ಟೆಲೊಂದರಲ್ಲಿ ಅಡುಗೆಯವರಾಗಿದ್ದು ನಿವೃತ್ತಿಯಾದವರು. ಅವರು ಮುದ್ದೆ ತಿರುವುವುದನ್ನು ಸೊಸೆ ರಂಜಿತ ಒಂದು ದಿನ ಫೋನಿನಲ್ಲಿ ಹಿಡಿದು ಊರಿಗೆಲ್ಲ ಕಳಿಸಿದಳು. ಮರುದಿನದಿಂದ ನಮಗೂ ಕಲಿಸಿ ಅಂತ ಜನ ಬರತೊಡಗಿದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೊಸ ಮದುವಣಗಿತ್ತಿ ಸಹನ ಬಂದಳು. ಸಕ್ಕರೆ ಕಾರ್ಖಾನೆಯ ಚಲುವರಾಜು ಬಂದ. ಟೀಚರಾಗಿದ್ದ ಅವನ ಹೆಂಡತಿಗೆ ನಾಗಮಂಗಲದ ಆಚೆ ವರ್ಗವಾಗಿತ್ತು. ಮನೆಯಲ್ಲಿದ್ದ ಎರಡು ಹೆಣ್ಣುಮಕ್ಕಳು ಹೋಟೆಲ್ ಪಾರ್ಸಲ್ಲು ಕಂಡರೆ ಮುಖ ತಿರುಗಿಸುವ ಹಂತಕ್ಕೆ ಬಂದಿದ್ದವು. ಇನ್ನೂ ನಾಲ್ಕಾರು ಮಂದಿ ಸೇರಿದರು. ಪುಟ್ಟಗೌರಮ್ಮನವರ ಅಡುಗೆಮನೆಯಲ್ಲೋ ಒಬ್ಬರು ನಿಂತರೆ ಇನ್ನೊಬ್ಬರು ಬಾಗಿಲಲ್ಲಿ ನಿಂತು ಕಾಯಬೇಕು.

ಹಾಗಾಗಿ ಬಾಡಿಗೆಗೆ ಅಡುಗೆಮನೆ ಹುಡುಕತೊಡಗಿದರು. ಶ್ರೀರಂಗಪಟ್ಟಣದಲ್ಲಿ ಒಂದು ಮನೆಯ ಮಾಲೀಕರು ಅಡುಗೆಮನೆ ಕೊಡಲು ಒಪ್ಪಿ, ಒಗ್ಗರಣೆ ವಾಸನೆ ಮಾತ್ರ ಮಹಡಿಗೆ ಬರಬಾರದೆಂದರು. ಕೆ.ಆರ್. ಪೇಟೆಯ ಕಲ್ಯಾಣ ಮಂಟಪದಲ್ಲಿ ಕೊಪ್ಪರಿಗೆಗಳ ಸಾಲೇ ಇತ್ತು. ಆದರೆ ಗಂಡು-ಹೆಣ್ಣಿನ ಹೆಸರು ಬರೆಸದೆ ಬುಕ್ ಮಾಡಲು ಬರುವುದಿಲ್ಲ ಎಂದು ಮ್ಯಾನೇಜರು ತಿಳಿಸಿದ. ಬೇಕಾದರೆ ಚಲುವರಾಜು ಮತ್ತು ಸಹನ ಎಂದು ಬರೆಸಿ, ಆಮೇಲೆ ರದ್ದು ಮಾಡಿ ಎಂಬ ಸಲಹೆಯನ್ನೂ ಕೊಟ್ಟ. ಸಹನಳ ಗಂಡ ಇದಕ್ಕೆ ಒಪ್ಪಲಿಲ್ಲ.

ಕೊನೆಗೆ ಬಹೂಪಯೋಗಿ ಭವನ. ಅದರ ಕಾರ್ಯದರ್ಶಿ ಜವರಯ್ಯನವರು ಬೀಗ ತೆಗೆದು ತೋರಿಸಿದಾಗ ಪುಟ್ಟಗೌರಮ್ಮನವರು ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟರು. ಉದ್ದಕ್ಕೆ ಕಪ್ಪು ಕಲ್ಲಿನ ಕಟ್ಟೆ, ದೊಡ್ಡ ಒಲೆಗಳು, ಕೈಕಾಲು ಚಾಚಿ ಮಲಗಬಹುದಾದ ತೊಟ್ಟಿ. ಹಾಸ್ಟೆಲಿನ ಹೊಗೆಯಲ್ಲಿ ಆಯಸ್ಸು ಸವೆಸಿದ ಹೆಂಗಸು ಆ ಕಲ್ಲಿನ ಮೇಲೆ ಕೈಯಾಡಿಸಿ, ಇಲ್ಲೇ ಎಂದು ಮನಸ್ಸಿನಲ್ಲೇ ನಿಶ್ಚಯಿಸಿಬಿಟ್ಟರು.

ಜವರಯ್ಯನವರು ನಿಯಮ ಓದಿ ಹೇಳಿದರು. ಅಡುಗೆಮನೆಯನ್ನು ಅಡುಗೆಯೇತರ ಉದ್ದೇಶಗಳಿಗೆ ಬಾಡಿಗೆಗೆ ಕೊಡತಕ್ಕದ್ದು. ಒಬ್ಬರು ಅಡುಗೆ ಮಾಡಿದರೆ ಗೋಡೆಗೆ ಮಸಿ ಹಿಡಿಯುತ್ತದೆ. ಆಗ ಮುಂದೆ ಬರುವವರಿಗೆ ಹೊಸ ಅಡುಗೆಮನೆ ಸಿಗುವುದಿಲ್ಲ. ಸಾರ್ವಜನಿಕರಲ್ಲಿ ತಾರತಮ್ಯ ಉಂಟಾಗುತ್ತದೆ. ಆದ್ದರಿಂದ ಅಡುಗೆಮನೆಯು ಸದಾಕಾಲ ಹೊಸದಾಗಿಯೇ ಇರತಕ್ಕದ್ದು.

"ನಾನು ಅಡುಗೆ ಮಾಡಕ್ಕೆ ಬಂದಿಲ್ಲ ಜವರಣ್ಣ, ಪಾಠ ಮಾಡಕ್ಕೆ ಬಂದಿವ್ನಿ," ಎಂದರು ಪುಟ್ಟಗೌರಮ್ಮ.

ಜವರಯ್ಯನವರ ಮುಖ ಅರಳಿತು. "ಅಂಗನ್ನಕ್ಕ ಮತ್ತೆ. ಪಾಠಕ್ಕೆ ಅಡ್ಡಿಯಿಲ್ಲ. ಪಾಠಕ್ಕೆ ಬೆಂಕಿ ಏನ್ಕೆ ಬೇಕು?"

ಮುಂಗಡ ಪಡೆದು ಬೀಗದ ಕೈ ಕೊಟ್ಟರು. ತರಗತಿಗಳು ತೃಪ್ತಿಕರವಾಗಿ ಮುಗಿದವೆಂದು ಮೇಲಿನವರು ಬಂದು ನೋಡಿ ಒಪ್ಪಿದ ಮೇಲಷ್ಟೇ ಮುಂಗಡ ವಾಪಸ್ಸು ಎಂದು ಹಿಂದಿನಿಂದ ಕೂಗಿ ಹೇಳಿದರು. ಬೀಗದ ಕೈ ಸೆರಗಿನ ತುದಿಗೆ ಬಂದ ಮೇಲೆ ಯಾರು ಕೇಳುತ್ತಾರೆ ಎಂಬುದು ಪುಟ್ಟಗೌರಮ್ಮನವರ ಎಣಿಕೆ.

ಕೇಳುವವರು ಇದ್ದರು. ಭವನಕ್ಕೆ ಗ್ಯಾಸ್ ಬೇಕಾದರೆ ಅಡುಗೆಮನೆ ಬಳಕೆಯಲ್ಲಿದೆ ಎಂಬ ದೃಢೀಕರಣ ಬೇಕು. ದೃಢೀಕರಣ ಬೇಕಾದರೆ ಅಧಿಕಾರಿಗಳು ಒಲೆ ಉರಿಯುವುದನ್ನು ಕಣ್ಣಾರೆ ನೋಡಬೇಕು. ಒಲೆ ಉರಿಯಬೇಕಾದರೆ ಗ್ಯಾಸ್ ಬೇಕು. ಇದರಲ್ಲಿ ಯಾವ ತೊಡಕೂ ಇಲ್ಲವೆಂದು ಅಡುಗೆಮನೆ ಸದ್ಬಳಕೆ ಶಾಖೆಯ ಅಧಿಕಾರಿ ಶಿವಶಂಕರ್ ಅವರು ಸೌಜನ್ಯದಿಂದ ವಿವರಿಸಿದರು. ಎಲ್ಲಿಂದ ಬೇಕಾದರೂ ಶುರು ಮಾಡಬಹುದಂತೆ.

ಪುಟ್ಟಗೌರಮ್ಮ ಮನೆಯಿಂದಲೇ ಒಂಟಿ ಒಲೆಯ ಸಣ್ಣ ಸಿಲಿಂಡರನ್ನು ಗೋಣಿಚೀಲದಲ್ಲಿ ಸುತ್ತಿ ತಂದರು. ಮೊದಲ ಪಾಠ ಹುರುಳಿಕಟ್ಟು ಸಾರು. ಚಲುವರಾಜು ಸೌಟು ಹಿಡಿದು ನಿಂತಿದ್ದವನು, ಕಾರ್ಖಾನೆಯಿಂದ ಫೋನು ಬಂತೆಂದು ಆಚೆ ಹೋದ; ಮಾತು ಮುಗಿಸಿ ಬರುವಷ್ಟರಲ್ಲಿ ಸಾರು ಇಂಗಿ, ಮಸಾಲೆ ಸೀದು, ಹೊಗೆ ಕಿಟಕಿ ದಾಟಿ ರಸ್ತೆಗೆ ಬಂದಿತ್ತು. ಸಂಜೆಗೆ ಬಾಗಿಲ ಮೇಲೆ ಸಮಿತಿಯ ನೋಟೀಸು ಅಂಟಿತು. ಸದರಿ ಅಡುಗೆಮನೆಯಲ್ಲಿ ಅಡುಗೆಯ ಕುರುಹುಗಳು ಕಂಡುಬಂದಿರುತ್ತವೆ. ಈ ಬಗ್ಗೆ ತಮ್ಮ ಸಮಜಾಯಿಷಿ ಏನು?

ಸಮಿತಿ ತುರ್ತಾಗಿ ಸೇರಿತು. ಪಾತ್ರೆಯನ್ನು ಮೇಜಿನ ಮೇಲಿಟ್ಟು ಸದಸ್ಯರೆಲ್ಲ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಹಿರಿಯ ಸದಸ್ಯ ಬೋರಯ್ಯನವರು ತಳವನ್ನು ಉಗುರಿನಲ್ಲಿ ಕೆರೆದು ನಾಲಿಗೆಗೆ ಹಚ್ಚಿಕೊಂಡು ಬಹಳ ಹೊತ್ತು ಯೋಚಿಸಿದರು. ಕೊನೆಗೆ, ಇದನ್ನು ಯಾವ ದೃಷ್ಟಿಯಿಂದಲೂ ಅಡುಗೆ ಎನ್ನಲು ಬರುವುದಿಲ್ಲ ಎಂದು ಅವರು ಹೇಳಿದ ಮಾತನ್ನು ಸಭೆ ಸರ್ವಾನುಮತದಿಂದ ಅಂಗೀಕರಿಸಿತು. ನೋಟೀಸು ರದ್ದಾಯಿತು. ಚಲುವರಾಜುವಿಗೆ ಸಮಿತಿ ಅಭಿನಂದನೆ ಸಲ್ಲಿಸಿತು. ಇನ್ನು ಮುಂದೆಯೂ ಹೀಗೆಯೇ ಆಗುವುದಾದರೆ ಆಕ್ಷೇಪಣೆ ಇಲ್ಲವೆಂದೂ, ಚೆನ್ನಾಗಿ ಆದಲ್ಲಿ ಮಾತ್ರ ಕ್ರಮ ಜರುಗಿಸಲಾಗುವುದೆಂದೂ ಪುಟ್ಟಗೌರಮ್ಮನವರಿಗೆ ತಿಳಿಯಪಡಿಸಲಾಯಿತು.

ಕೆಟ್ಟದಾಗಿ ಅಡುಗೆ ಕಲಿಸುವುದು ಆ ಹೆಂಗಸಿನ ಕೈಯಲ್ಲಿ ಆಗುವ ಕೆಲಸವಲ್ಲ. ಸಿಲಿಂಡರನ್ನು ಮನೆಗೆ ವಾಪಸ್ಸು ಕಳಿಸಿದರು. ಕಲಿಯುವವರಿಂದ ದುಡ್ಡು ಈಸಿಕೊಂಡಾಗಿತ್ತು, ಮುಂಗಡ ಸಿಕ್ಕಿಬಿದ್ದಿತ್ತು. ಮಾರನೆಯ ದಿನ ಖಾಲಿ ಪಾತ್ರೆಯ ಮುಂದೆ ನಿಂತು, ಇದರಲ್ಲಿ ಎಸರು ಕುದಿಯುತ್ತಿದೆ ಅಂದುಕೊಳ್ಳಿ ಎಂದರು. ಎಲ್ಲರೂ ಅಂದುಕೊಂಡರು. ಹಿಟ್ಟು ಸುರಿದೆವು ಅಂದುಕೊಂಡು, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಕೋಲಿನಲ್ಲಿ ತಿರುವಿದರು. ಹೀಗೆ ಬಸ್ಸಾರು, ಉಪ್ಸಾರು, ಕೀಲ್ಸು, ಎಲ್ಲವೂ ಆದವು. ದಿನ ಕಳೆದಂತೆ ಕೈ ಪಳಗಿತು. ಇಲ್ಲದ ಈರುಳ್ಳಿ ಹೆಚ್ಚುವಾಗ ಸಹನ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳತೊಡಗಿದಳು. ಇತ್ತ ಚಲುವರಾಜು ಮನೆಯಲ್ಲಿ ತಿರುವಿದ ನಿಜವಾದ ಮುದ್ದೆಯಲ್ಲಿ ಹಿಟ್ಟಿನ ಗಂಟುಗಳು ಹಾಗೆಯೇ ಇದ್ದವು. ಮಕ್ಕಳು ಗಂಟುಗಳನ್ನು ತಟ್ಟೆಯ ಅಂಚಿಗೆ ಸರಿಸಿ, ಉಳಿದದ್ದನ್ನು ಉಂಡವು. ಹೋಟೆಲಿಗಿಂತ ವಾಸಿ ಎಂದು ಚಿಕ್ಕವಳು ಅಂದದ್ದನ್ನು ಅವನು ತರಗತಿಯಲ್ಲಿ ಎಲ್ಲರಿಗೂ ಎರಡೆರಡು ಸಲ ಹೇಳಿದ.

ಸಮಿತಿಗೆ ವಾರಕ್ಕೊಮ್ಮೆ ರುಚಿ ಪರಿಶೀಲಿಸುವ ಹಕ್ಕಿತ್ತು. ಪರಿಶೀಲಿಸಲು ಅಡುಗೆಯೇ ಇಲ್ಲವಾದ್ದರಿಂದ ಎದುರಿನ ಹೋಟೆಲಿನಿಂದ ನಾಟಿಕೋಳಿ ಸಾರು ತರಿಸಿಕೊಂಡು, ಬಿಲ್ಲನ್ನು ಪುಟ್ಟಗೌರಮ್ಮನವರಿಗೆ ಕಳಿಸಿ, ತಿಂದಾದ ಮೇಲೆ ವಿದ್ಯಾರ್ಥಿಗಳಿಗೆ ಅಂಕ ಕೊಡುತ್ತಿದ್ದರು. ಪ್ರಗತಿ ಚೆನ್ನಾಗಿತ್ತು. ಒಂದು ವಾರ ಖಾರ ಹೆಚ್ಚಾಯಿತೆಂದು ಸಹನಳಿಗೆ ಅಂಕ ಕಳೆದರು. ಅವಳು ತಪ್ಪಾಯಿತು ಎಂದಳು.

ಅಂತಿಮ ಪರಿಶೀಲನೆಗೆ ಶಿವಶಂಕರ್ ಅವರೇ ಬರುವುದೆಂದು ಗೊತ್ತಾಯಿತು. ಅಂದು ಭವನಕ್ಕೆ ಮಾವಿನ ತೋರಣ ಕಟ್ಟಿ, ಬಾಳೆಲೆ ಹಾಸಿ ಕುಳಿತಾಗ ಜವರಯ್ಯನವರಿಗೆ ಗಾಬರಿಯ ಸುದ್ದಿ ಬಂತು. ಹೋಟೆಲಿನವನು ಬಾಗಿಲು ಹಾಕಿಕೊಂಡು ಮಾಕವಳ್ಳಿಗೆ ನಂಟರ ಮದುವೆಗೆ ಹೋಗಿದ್ದ. ಎಲೆಗಳ ಮುಂದೆ ಅಧಿಕಾರಿಗಳು, ಸಮಿತಿಯವರು, ಎಲ್ಲರೂ ನೀರು ಚಿಮುಕಿಸಿ ಒರೆಸಿ ಕಾಯುತ್ತಿದ್ದರು.

ಜವರಯ್ಯ ಬಂದು ಪುಟ್ಟಗೌರಮ್ಮನವರ ಕಿವಿಯಲ್ಲಿ, "ಏನಾರ ಮಾಡವ್ವ, ಮರ್ವಾದೆ ಓಯ್ತದೆ," ಎಂದರು.

ಪುಟ್ಟಗೌರಮ್ಮನವರಿಗೆ ಒಂದು ಗಳಿಗೆ ಸಂತೋಷವೇ ಆಯಿತು. ಇಷ್ಟು ದಿನ ನುಂಗಿಕೊಂಡದ್ದನ್ನೆಲ್ಲ ಈಗ ಎಲೆಯ ಮುಂದೆಯೇ ಕಕ್ಕಿಬಿಡೋಣ, ಖಾಲಿ ಎಲೆ ನೋಡಿ ನಾಚಿಕೆಪಡಲಿ ಎಂದುಕೊಂಡರು. ಸೌಟು ತೆಗೆದುಕೊಂಡು ಖಾಲಿ ಪಾತ್ರೆಯಿಂದ ಶಿವಶಂಕರ್ ಅವರ ಎಲೆಗೆ ಬಡಿಸಿದರು. ಚಲುವರಾಜು ಹಿಂದೆಯೇ ಬಂದು ಇಲ್ಲದ ಮುದ್ದೆ ಇಟ್ಟ.

ಶಿವಶಂಕರ್ ಅವರು ನಾಚಿಕೆಪಡಲಿಲ್ಲ. ಅಂಗಿಯ ತೋಳು ಮಡಿಸಿಕೊಂಡು, ಮುರಿದು, ಅದ್ದಿ, ನುಂಗಿದರು. ಕಣ್ಣು ಮುಚ್ಚಿ ನಾಲಿಗೆ ಚಪ್ಪರಿಸಿದರು.

"ಮುದ್ದೆ ಉತ್ತಮವಾಗಿದೆ," ಎಂದರು. "ಸಾರಿಗೆ ಉಪ್ಪು ಒಂಚೂರು ಕಡಿಮೆ."

ಎಲ್ಲರೂ ಪುಟ್ಟಗೌರಮ್ಮನವರ ಕಡೆ ನೋಡಿದರು. ಅವರ ಮುಖ ಕೆಂಪಾಯಿತು. ಸಾವಿರ ಮಕ್ಕಳಿಗೆ ಬಡಿಸಿದ ಕೈ ಅದು. ಹಾಸ್ಟೆಲಿನ ತುಂಟ ಹುಡುಗರು ಕೂಡ ಆಡದ ಮಾತನ್ನು ಇವತ್ತು ಊರ ಮುಂದೆ ಕೇಳಬೇಕಾಯಿತು. ಕಟ್ಟೆಯ ಹತ್ತಿರ ಹೋಗಿ, ಖಾಲಿ ಭರಣಿಯ ಮುಚ್ಚಳ ತೆಗೆದು, ಮೂರು ಬೆರಳಿನಲ್ಲಿ ಅಳತೆಯಾಗಿ ಹಿಡಿದು ತಂದು, ಎಲೆಯ ಮೇಲೆ ಉದುರಿಸಿದರು.

ಶಿವಶಂಕರ್ ಅವರು ಕಲಸಿ ಮತ್ತೊಮ್ಮೆ ನೋಡಿದರು. "ಈಗ ಸರಿಯಾಯಿತು."

ಪುಟ್ಟಗೌರಮ್ಮ ಉಸಿರು ಬಿಟ್ಟರು. ಚಲುವರಾಜುವಿನ ಕಡೆ ತಿರುಗಿ, "ಯೋಳಿರ್ನಿಲ್ವಾ, ಉಪ್ಪು ಹಾಕೋವಾಗ ಮನ್ಸು ಎತ್ಲಾಗೂ ಓಗ್ಬಾರ್ದು ಅಂತ," ಎಂದು ಗದರಿದರು. ಅವನು ತಲೆ ತಗ್ಗಿಸಿದ.

ಅಷ್ಟರಲ್ಲಿ ಸಾಲಿನ ತುದಿಯಲ್ಲಿ ಕುಳಿತಿದ್ದ ಬೋರಯ್ಯನವರು ಎಲೆಯನ್ನು ಮುಂದಕ್ಕೆ ಸರಿಸಿ, ತಮಗೆ ಸಾರು ಸಾಲದು ಎಂದರು. ಪುಟ್ಟಗೌರಮ್ಮ ಪಾತ್ರೆಯನ್ನು ಓರೆ ಮಾಡಿ ತಳ ನೋಡಿದರು; ಇನ್ನೂ ಬರಬೇಕಾದವರಿದ್ದಾರಲ್ಲ ಎಂದು ಲೆಕ್ಕ ಹಾಕಿ, ಅರ್ಧ ಸೌಟು ಮಾತ್ರ ಬಡಿಸಿದರು.