ನಮ್ಮ ಹೋಟೆಲಿನ ನಾಲ್ಕು ಬೀಗದ ಕೈಗಳ ವಿಚಾರವಾಗಿ ಕಾದಂಬರಿಕಾರ್ತಿಯವರಿಗೆ

ಜನಪ್ರಿಯ ಕಾದಂಬರಿಕಾರ್ತಿ ಶ್ರೀಮತಿ ಕ್ಯಾಸಂಡ್ರಾ ವೇಲ್ ಅವರ ಸನ್ನಿಧಾನಕ್ಕೆ

ಮಾನ್ಯರೇ,

ಮೊಂಟಾನಾದ ಡ್ರೈ ಫೋರ್ಕ್ ಎಂಬ ಇನ್ನೂರ ಹನ್ನೊಂದು ಜನರ ಊರಿನಿಂದ, ಆ ಊರಿನ ಒಂದೇ ಒಂದು ಹೋಟೆಲಿನ ಒಡತಿಯಾದ ನೋರ್ಲೀನ್ ಬ್ರೆಕ್ಕೆ ಮಾಡುವ ಅನಂತ ವಂದನೆಗಳು. ಇಲ್ಲಿ ನಾನು ಕ್ಷೇಮ, ಒಲೆ ಕ್ಷೇಮ, ಸೋರುವ ನಲ್ಲಿಯೂ ಕ್ಷೇಮವಾಗಿ ಸೋರುತ್ತಿದೆ. ತಮ್ಮ 'ಬಿಸಿ ಕಾಫಿ, ಬಿರುಗಾಳಿ ಹೃದಯ' ಏಳನೆಯ ಮುದ್ರಣ ಕಂಡಿತೆಂದು ತಿಳಿದು ಎಷ್ಟು ಸಂತೋಷವಾಯಿತೆಂದರೆ, ಕೈಯಲ್ಲಿದ್ದ ತಟ್ಟೆ ತಾನಾಗಿಯೇ ಹೋಗಿ ಗೋಡೆಗೆ ಬಡಿಯಿತು.

ಕಳೆದ ವರ್ಷದ ಮಾರ್ಚಿನಲ್ಲಿ ತಾವು ನಮ್ಮ ಮೂಲೆಯ ಮೇಜಿನಲ್ಲಿ ಒಂಬತ್ತು ದಿನ ಲ್ಯಾಪ್‌ಟಾಪ್ ತೆರೆದುಕೊಂಡು ಕುಳಿತು, ತಮ್ಮ ಪ್ರೇಮಕಥೆಗೆ ಪಶ್ಚಿಮದ ಪುಟ್ಟ ಊರಿನ ಹೋಟೆಲಿನ ವಾತಾವರಣ ಕಟ್ಟುತ್ತಿರುವುದಾಗಿ ಹೇಳಿದಾಗ, ನನ್ನ ಹೋಟೆಲಿಗೂ ಇಂಥದ್ದೊಂದು ಯೋಗ ಬಂತಲ್ಲ ಎಂದು ನಾನು ಹಿಗ್ಗಿ ಹೀರೇಕಾಯಿಯಾಗಿದ್ದು ನಿಜ. "ಇಲ್ಲಿ ಮುಖ್ಯವಾಗಿ ಯಾವ ವಾಸನೆ ಬರುತ್ತೆ?" ಎಂದು ತಾವು ಕಣ್ಣು ಮುಚ್ಚಿಕೊಂಡು ಕೇಳಿದಿರಿ. "ನೆಲ ಒರೆಸೋ ಬ್ಲೀಚಿಂದು" ಎಂದು ನಾನು ಪ್ರಾಮಾಣಿಕವಾಗಿಯೇ ಉತ್ತರಿಸಿದೆ. ಪುಸ್ತಕದಲ್ಲಿ ಅದು 'ದಾಲ್ಚಿನ್ನಿ ಮತ್ತು ಹಂಬಲದ ಪರಿಮಳ' ಆಗಿದೆ. ದಾಲ್ಚಿನ್ನಿ ನನ್ನ ಡಬ್ಬಿಯಲ್ಲಿದೆ. ಹಂಬಲವನ್ನು ಎಷ್ಟು ಹೊತ್ತು ಬೇಯಿಸಬೇಕೆಂದು ತಾವು ತಿಳಿಸಿದ್ದರೆ ಉಪಕಾರವಾಗುತ್ತಿತ್ತು, ಏಕೆಂದರೆ ಬರುವ ಗಿರಾಕಿಗಳೆಲ್ಲ ಈಗ ಬಾಗಿಲಲ್ಲೇ ನಿಂತು ಮೂಗು ಅರಳಿಸುತ್ತಾರೆ.

ಟೇಪು ಅಂಟಿಸಿದ ನಮ್ಮ ಕಂದು ಸೀಟುಗಳಿಗೆ ತಾವು ಚೆರ್ರಿ ಹಣ್ಣಿನ ಕೆಂಪು ಬಳಿದದ್ದಕ್ಕೆ ನಾನು ಋಣಿ. ಹಸುಗಳು ಕರು ಹಾಕುವ ಕಾಲದಲ್ಲಿ, ಹೊರಗೆ ಉಗುಳಿದರೆ ಉಗುಳೇ ಹೆಪ್ಪುಗಟ್ಟುವ ಚಳಿಯಲ್ಲಿ, ತಮ್ಮ ನಾಯಕ ಅಂಗಿಯ ಮೂರು ಗುಂಡಿ ಬಿಚ್ಚಿಕೊಂಡು ಬಂದು ಕೂತಿದ್ದಕ್ಕೂ ನನ್ನ ತಕರಾರಿಲ್ಲ. ನಮ್ಮ ಗಂಡಸರು ಆ ದಿನಗಳಲ್ಲಿ ರಾತ್ರಿಯಿಡೀ ಕರು ಎಳೆದು, ಭುಜದವರೆಗೆ ಒದ್ದೆಯಾದ ತೋಳಿನಲ್ಲೇ ಬಂದು ಮೊಟ್ಟೆ ಕೇಳುತ್ತಾರೆ. ಅದನ್ನು ಬರೆದಿದ್ದರೆ ಪ್ರೇಮ ಎರಡನೆಯ ಅಧ್ಯಾಯ ದಾಟುತ್ತಿರಲಿಲ್ಲ. ಅರವತ್ತೊಂದು ವರ್ಷದ ವಿಧವೆಯಾದ ನನ್ನನ್ನು ಇಪ್ಪತ್ತಾರರ ತಾಮ್ರಗೂದಲಿನ ಚೆಲುವೆಯಾಗಿ ಮಾಡಿದ್ದಕ್ಕಂತೂ ಹೇಗೆ ಕೃತಜ್ಞತೆ ಹೇಳಲಿ! ನನ್ನ ಎಡಮಂಡಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ. ತಮ್ಮ ಓದುಗರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅವಳು ಇವತ್ತು ರಜಾನಾ?" ಎಂದು ಕೇಳಿದರು. "ಮೂವತ್ತೈದು ವರ್ಷದಿಂದ ರಜಾ ಕಣಮ್ಮ, ಏನು ಕೊಡ್ಲಿ?" ಎಂದೆ.

ನನ್ನ ದೂರು ಬೀಗದ ಕೈಯ ಬಗ್ಗೆ. ಈ ಸೀಮೆಯಲ್ಲಿ ದನ ಸಾಕುವವರ ಜೊತೆ ಊರೆಲ್ಲ ನಾಲ್ಕಕ್ಕೇ ಏಳುತ್ತದೆ, ನಾನು ಹೋಟೆಲು ತೆರೆಯುವುದು ಐದೂವರೆಗೆ. ಆದ್ದರಿಂದ ನನ್ನ ಮಾವನ ಕಾಲದಿಂದಲೂ ನಾಲ್ಕು ಜನ ಖಾಯಂ ಗಿರಾಕಿಗಳ ಹತ್ತಿರ ಒಂದೊಂದು ಬೀಗದ ಕೈ ಇರುತ್ತದೆ. ಮೊದಲು ಬಂದವನು ಬಾಗಿಲು ತೆಗೆದು, ದೀಪ ಹಾಕಿ, ಎಲ್ಲರಿಗೂ ಕಾಫಿ ಇಡಬೇಕು. ಕಳೆದ ಹನ್ನೊಂದು ವರ್ಷಗಳಿಂದ ಮೊದಲು ಬರುತ್ತಿದ್ದವನು ಡೆಲ್ಮರ್ ಹೌಗೆನ್. ಹದಿನಾರು ಮೈಲಿಯಾಚೆ ಒಂಟಿಯಾಗಿ ದನ ಸಾಕಿಕೊಂಡಿರುವ, ಮದುವೆಯ ಗೊಡವೆಗೇ ಹೋಗದ, ದಿನಕ್ಕೆ ಇಷ್ಟೇ ಮಾತು ಎಂದು ಅಳೆದು ಆಡುವ ಮನುಷ್ಯ. ನಾನು ಮಹಡಿಯಿಂದ ಇಳಿದು ಬರುವಷ್ಟರಲ್ಲಿ ಕಾಫಿ ಆಗಿರುತ್ತಿತ್ತು. ಕೆಟ್ಟ ಕಾಫಿ, ಮಾನ್ಯರೇ. ಚಮಚ ನೆಟ್ಟರೆ ನಿಲ್ಲಬೇಕು. "ಚಳಿ" ಎನ್ನುತ್ತಿದ್ದ. "ಹೂಂ, ಚಳಿ" ಎನ್ನುತ್ತಿದ್ದೆ. ಜುಲೈಯಲ್ಲಿ "ಸೆಕೆ".

ಇದನ್ನು ಒಂಬತ್ತು ಬೆಳಗ್ಗೆ ನೋಡಿದ ತಾವು, ನಾಲ್ಕು ಬೀಗದ ಕೈಗಳಲ್ಲಿ ಮೂರನ್ನು ನುಂಗಿ ಹಾಕಿ, ಉಳಿದ ಒಂದನ್ನು ಚೆಲುವೆಯ ಕೈಯಿಂದ ನಾಯಕನ ಅಂಗಿಯ ಜೇಬಿಗೆ ಇಳಿಸಿ, "ಇದು ಬರೀ ಬಾಗಿಲಿನದಲ್ಲ" ಎಂದು ಅವಳ ಬಾಯಲ್ಲಿ ಹೇಳಿಸಿದಿರಿ. ಪುಸ್ತಕ ನಮ್ಮ ಗ್ರಂಥಾಲಯಕ್ಕೆ ಬಂದದ್ದು ಒಂದು ಸೋಮವಾರ. ಅಂಚೆ ಕಚೇರಿಯ ರಾಯ್ಸ್‌ನ ಹೆಂಡತಿ ಮಾರ್ವೆಲ್ ಬುಧವಾರವೇ ಲಕೋಟೆಯೊಂದನ್ನು ತಂದು ನನ್ನ ಮುಂದಿಟ್ಟಳು.

"ತಗೋ ಕಣೇ, ನಿನ್ನ ಬೀಗದ ಕೈ. ನಮ್ಮೋರಿಗೆ ಇನ್ಮೇಲೆ ಮನೇಲೇ ಕಾಫಿ."

"ಅಯ್ಯೋ ಮಾರ್ವೆಲ್, ರಾಯ್ಸ್‌ಗೆ ಎಪ್ಪತ್ತೆರಡು ತುಂಬಿದೆ. ಸೊಂಟದ ಮೂಳೆ ಬದಲಾಯಿಸಿ ಇನ್ನೂ ಆರು ತಿಂಗಳಾಗಿಲ್ಲ."

"ಪುಸ್ತಕದಲ್ಲಿ ಸೊಂಟದ ವಿಚಾರ ಬೇರೆ ಥರಾನೇ ಬರ್ದಿದಾರೆ" ಎಂದು ಹೇಳಿ ಹೊರಟೇಬಿಟ್ಟಳು.

ಗೊಬ್ಬರದಂಗಡಿಯವನ ಬೀಗದ ಕೈ ಗುರುವಾರ ಬಂತು, ಶಾಲಾ ಬಸ್ಸು ಓಡಿಸುವವನದು ಶುಕ್ರವಾರ, ಎರಡೂ ಹೆಂಡತಿಯರ ಕೈಯಲ್ಲೇ. ಇದಕ್ಕೆಲ್ಲ ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಶನಿವಾರ ಡೆಲ್ಮರ್ ಬಂದ. ಬೀಗದ ಕೈ ಕಸಿದು ತರಲು ಹೆಂಡತಿ ಇಲ್ಲದವನು, ತಾನೇ ತಂದ. ಟೋಪಿ ತೆಗೆದು ಎದೆಗೊತ್ತಿಕೊಂಡು, "ನನ್ನಿಂದ ನಿನ್ನ ಹೆಸರು ಕೆಡೋದು ಬೇಡ, ನೋರ್ಲೀನ್" ಎಂದ. ಆ ಮನುಷ್ಯ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವನು ಹೋದ ಮೇಲೆ ನಾನು ಅತ್ತೆ, ಮಾನ್ಯರೇ. ಈರುಳ್ಳಿಯನ್ನೂ ಹೆಚ್ಚುತ್ತಿರಲಿಲ್ಲ.

ಅಂದಿನಿಂದ ಅವನು ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ, ಗುಂಡಿ ಒತ್ತಿದರೆ ಸುರಿಯುವ ಕಾಫಿಯನ್ನು ಕಾಗದದ ಲೋಟದಲ್ಲಿ ಕುಡಿಯುತ್ತಾನೆ. ಅವನ ಸ್ಟೂಲಿನ ಮೇಲೆ ತಮ್ಮ ಓದುಗರು ಒಬ್ಬರಾದ ಮೇಲೊಬ್ಬರು ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಐದೂವರೆಗೆ ನಾನು ಕತ್ತಲೆಯ ಹೋಟೆಲಿಗೆ ಇಳಿದು ಬಂದು, ನಾನೇ ದೀಪ ಹಾಕಿ, ನಾನೇ ಬಹಳ ಒಳ್ಳೆಯ ಕಾಫಿ ಮಾಡಿಕೊಳ್ಳುತ್ತೇನೆ. ಅರ್ಧ ಲೋಟ ಚೆಲ್ಲುತ್ತೇನೆ.

ಆದಕಾರಣ ತಮ್ಮಲ್ಲಿ ನನ್ನ ನಮ್ರ ವಿನಂತಿಯೇನೆಂದರೆ, ಎಂಟನೆಯ ಮುದ್ರಣದಲ್ಲಿ ದಯಮಾಡಿ ಊರಿನ ಇನ್ನೂರ ಹನ್ನೊಂದು ಜನರಿಗೂ, ಪಾದ್ರಿಗಳಿಗೂ, ದನದ ಡಾಕ್ಟರಿಗೂ, ಮುಖ್ಯವಾಗಿ ಮಾರ್ವೆಲ್‌ಗೂ ಒಂದೊಂದು ಬೀಗದ ಕೈ ಕೊಡಿಸತಕ್ಕದ್ದು. ನಾಯಕನಿಗೆ ಹೊಟ್ಟೆಯನ್ನೂ ಕಟ್ಟಿಸಿದ ಹಲ್ಲಿನ ಸೆಟ್ಟನ್ನೂ ದಯಪಾಲಿಸತಕ್ಕದ್ದು. ಹಿಂದಿನ ಏಳು ಮುದ್ರಣಗಳನ್ನು ಕೊಂಡವರ ಮನೆಮನೆಗೂ ತಾವೇ ಹೋಗಿ ಬೀಗದ ಕೈಯ ಆ ಮೂರನೆಯ ಅಧ್ಯಾಯವನ್ನು ಮರೆಯುವಂತೆ ಕೇಳಿಕೊಳ್ಳತಕ್ಕದ್ದು. ಇದು ಕಷ್ಟವೆನಿಸಿದರೆ, ತಾವೇ ದಿನಾ ಬೆಳಗ್ಗೆ ಐದಕ್ಕೆ ಬಂದು ಕೆಟ್ಟ ಕಾಫಿ ಮಾಡಿಟ್ಟು, "ಚಳಿ" ಎಂದು ಹೇಳಿ ಹೋದರೂ ಆದೀತು. ಹನ್ನೊಂದು ವರ್ಷ ತಪ್ಪಿಸಬಾರದು.

ಇಷ್ಟಕ್ಕೇ ಪತ್ರ ಮುಗಿಸಬೇಕೆಂದಿದ್ದೆ. ಆದರೆ ಮೊನ್ನೆ ಮಂಗಳವಾರ ಬೆಳಗ್ಗೆ ತಡೆಯಲಾರದೆ ನಾನೇ ಆ ಪೆಟ್ರೋಲ್ ಬಂಕಿಗೆ ಹೋದೆ. ಡೆಲ್ಮರ್ ಕಾಫಿಯ ಯಂತ್ರದ ಮುಂದೆ ನಿಂತಿದ್ದ.

"ಓದ್ದೆ" ಎಂದ.

"ಎಷ್ಟು ಓದ್ದೆ?"

"ಪೂರ್ತಿ. ಎರಡು ಸಲ." ಲೋಟವನ್ನೇ ನೋಡುತ್ತಾ, "ಅವನು ತುಂಬಾ ಮಾತಾಡ್ತಾನೆ" ಎಂದ.

"ಹೂಂ, ಕೊನೇಲಿ ಮೂರು ಪುಟ ಒಬ್ನೇ ಮಾತಾಡ್ತಾನೆ."

"ನಂಗೆ ಅಷ್ಟೆಲ್ಲಾ ಬರಲ್ಲ, ನೋರ್ಲೀನ್." ಲೋಟಕ್ಕೆ ಮುಚ್ಚಳ ಒತ್ತುತ್ತಾ ಕೇಳಿದ, "ಬರಬೇಕಿತ್ತಾ?"

ಈ ಊರಿನ ಯಾವ ಗಂಡಸು ಏನಂದರೂ ತಟ್ಟನೆ ಉತ್ತರ ಕೊಡುವವಳು ನಾನು. ಆದರೆ ಆಗ ನನ್ನ ನಾಲಗೆಯ ತುದಿಗೆ ಬಂದ ಮಾತನ್ನು ತಾವು ಇನ್ನೂರ ಮೂವತ್ತೊಂದನೆಯ ಪುಟದಲ್ಲಿ ಆ ಚೆಲುವೆಯ ಬಾಯಲ್ಲಿ ಆಗಲೇ ಆಡಿಸಿಬಿಟ್ಟಿದ್ದಿರಿ: 'ಇಷ್ಟೆಲ್ಲ ಮಾತು ಬೇಕಿರಲಿಲ್ಲ, ನೀನು ಬಂದು ಕೂತರೆ ಸಾಕು.' ಅದನ್ನೇ ಹೇಳಿದ್ದರೆ ಪುಸ್ತಕದಿಂದ ಕದ್ದು ಹೇಳಿದಳು ಎಂದುಕೊಳ್ಳುತ್ತಿದ್ದ. "ನಿನ್ನ ಟ್ರಕ್ಕಿನ ಹಿಂದಿನ ಟೈರಲ್ಲಿ ಗಾಳಿ ಕಮ್ಮಿಯಾಗಿದೆ" ಎಂದು ಹೇಳಿ ಬಂದುಬಿಟ್ಟೆ. ದರಿದ್ರದವಳು ನಾನು! ಟೈರು ಸರಿಯಾಗಿಯೇ ಇತ್ತು.

ಈಗ ತಾವೇ ಹೇಳಬೇಕು, ಮಾನ್ಯರೇ. ಸೀಟಿನ ಬಣ್ಣ ತಪ್ಪು ಬರೆದಿರಿ, ವಾಸನೆ ತಪ್ಪು, ಕೂದಲು ತಪ್ಪು, ಬೀಗದ ಕೈಗಳ ಲೆಕ್ಕ ತಪ್ಪು. ಒಂಬತ್ತು ದಿನದಲ್ಲಿ ನಾನು ತಮಗೆ ಬ್ಲೀಚಿನ ವಿಚಾರ ಬಿಟ್ಟು ಬೇರೇನೂ ಹೇಳಿರಲಿಲ್ಲ. ಆ ಒಂದು ಸಾಲನ್ನು ಮಾತ್ರ ಅಷ್ಟು ಸರಿಯಾಗಿ ಹೇಗೆ ಬರೆದಿರಿ? ಅದು ನನ್ನದು. ಅದನ್ನು ನನಗೆ ಹಿಂದಿರುಗಿಸಬೇಕು.

ತಮ್ಮ ಮುಂದಿನ ಮುದ್ರಣಗಳಿಗೆ ಶುಭ ಕೋರುತ್ತಾ, ಕೈಯಲ್ಲಿರುವ ತಟ್ಟೆಯನ್ನು ಮೊದಲು ಕೆಳಗಿಟ್ಟು ಸಹಿ ಮಾಡುತ್ತಿರುವ,

ತಮ್ಮ ವಿಶ್ವಾಸಿ,
ನೋರ್ಲೀನ್ ಬ್ರೆಕ್ಕೆ

ತಾ.ಕ.: ಈ ಪತ್ರವನ್ನು ಗುರುವಾರದ ನಮ್ಮ ವಾರಪತ್ರಿಕೆಯಲ್ಲಿ, ದನದ ಧಾರಣೆಯ ಪಟ್ಟಿಗೆ ಅಂಟಿಕೊಂಡಂತೆಯೇ ಅಚ್ಚು ಹಾಕಬೇಕೆಂದು ಸಂಪಾದಕರಿಗೆ ತಾಕೀತು ಮಾಡಿದ್ದೇನೆ, ಏಕೆಂದರೆ ಪತ್ರಿಕೆಯಲ್ಲಿ ಆ ಪಟ್ಟಿಯೊಂದನ್ನು ಬಿಟ್ಟು ಬೇರೇನನ್ನೂ ಓದದವರು ನಮ್ಮಲ್ಲಿ ಒಬ್ಬರಿದ್ದಾರೆ. ಶುಕ್ರವಾರ ಬೆಳಗ್ಗೆ ಅವರು ಬರದೇ ಹೋದರೆ, ಎರಡನೆಯ ಭಾಗದಲ್ಲಿ ಬಂದರೆಂದು ಬರೆಯಿರಿ. ಬಂದರೆ, ಕೈಮುಗಿದು ಕೇಳಿಕೊಳ್ಳುತ್ತೇನೆ, ಒಂದಕ್ಷರವನ್ನೂ ಬರೆಯಬೇಡಿ.